ಎರಡು ರೌಟರಿನ ಮನೆ

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನು ನಾನು. ಸಂಧಿ ಬಿಡಿಸಿದ್ದೇನೆ, ಸಮಾಸ ಒಡೆದಿದ್ದೇನೆ. ಆದರೆ ಎರಡು ರೌಟರುಗಳ ಜಗಳ ಬಿಡಿಸಲು ಹೋಗಿ ಸೋತೆ. ನಿಮ್ಮ ಹತ್ತಿರ ಒಪ್ಪಿಕೊಳ್ಳುವುದಕ್ಕೇನು ನಾಚಿಕೆ?

ಹೆಂಡತಿ ಶಾರದೆ ತೀರಿಕೊಂಡ ಮೇಲೆ ಭದ್ರಾವತಿಯ ಬಾಡಿಗೆ ಮನೆ ಬಿಟ್ಟು, ಶಿವಮೊಗ್ಗದ ಗೋಪಾಳದಲ್ಲಿ ತಮ್ಮ ಸೀನ ಕಟ್ಟಿಸಿದ ಮನೆಯ ಮಹಡಿಗೆ ಬಂದೆ. ಬಂದ ದಿನವೇ, "ನನ್ನ ಅಡಿಗೆ ನಾನೇ ಮಾಡ್ಕೋತೀನಿ, ಯಾರಿಗೂ ತೊಂದ್ರೆ ಬೇಡ" ಎಂದು ಸಾರಿ ಬೇರೆ ಒಲೆ ಹೂಡಿದೆ. ಸೀನನ ಹೆಂಡತಿ ಗೀತಾ ತಲೆಯಾಡಿಸಿ ಅಡಿಗೆಮನೆಗೆ ಹೋದಳು. ಬಿಗುಮಾನ ಬೇಯಿಸುವುದಕ್ಕೆ ಸುಲಭ, ಉಣ್ಣುವುದಕ್ಕೆ ಕಷ್ಟ. ಒಬ್ಬನೇ ಕೂತು ಉಣ್ಣುವಾಗ ತಟ್ಟೆಗೆ ಕೈ ತಾಗಿದ ಸದ್ದೂ ಜೋರಾಗಿ ಕೇಳಿಸುತ್ತಿತ್ತು. ದಿನಾ ಬೆಳಿಗ್ಗೆ ಕೆಳಗಿನಿಂದ ಚಿತ್ರಾನ್ನದ ಒಗ್ಗರಣೆ ವಾಸನೆ. ಇವಳಿಗೆ ಬೇರೆ ತಿಂಡಿಯೇ ಬರುವುದಿಲ್ಲವೇ ಎಂದು ಆಡಿಕೊಳ್ಳುತ್ತಿದ್ದೆ. ಯಾರ ಹತ್ತಿರ? ಗೋಡೆಯ ಹತ್ತಿರ.

ಆಗಷ್ಟೇ ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲ. ಕೆಳಗಿದ್ದ ಸೀನನ ರೌಟರಿನ ಸಿಗ್ನಲ್ ಮಹಡಿ ಹತ್ತುತ್ತಿರಲಿಲ್ಲ. ನಾನೂ ಒಂದು ರೌಟರ್ ತಂದು, ಕೆಳಗಿನಿಂದ ವೈರು ಎಳೆಸಿ ಮೇಲೆ ಕೂರಿಸಿದೆ. ಇಂಟರ್ನೆಟ್ ಬಂತು, ನನಗೆ ಬೇಕಾದದ್ದು ಮಾತ್ರ ಬರಲಿಲ್ಲ. ಶಾರದೆಯ ಹಳೆಯ ಫೋಟೋಗಳನ್ನು ಸೀನ ಸ್ಕ್ಯಾನ್ ಮಾಡಿಸಿ ತನ್ನ ಕಂಪ್ಯೂಟರಿನಲ್ಲಿ ಇಟ್ಟಿದ್ದ. "ನೀನು ಮೇಲಿಂದ್ಲೇ ನೋಡ್ಬೋದು ಅಣ್ಣ" ಎಂದಿದ್ದ. ನನ್ನ ಕಂಪ್ಯೂಟರಿನಲ್ಲಿ ಲಂಡನ್ ಕಾಣುತ್ತಿತ್ತು, ಹದಿನೆಂಟು ಮೆಟ್ಟಿಲು ಕೆಳಗಿದ್ದ ಶಾರದೆ ಕಾಣುತ್ತಿರಲಿಲ್ಲ. ಆಫ್ ಮಾಡಿ ಆನ್ ಮಾಡಿದೆ, ಆಂಟೆನಾ ತಿರುಗಿಸಿದೆ. ಆ ಹಸಿರು ದೀಪಗಳಿಗೆ ಮಂಗಳಾರತಿ ಎತ್ತುವುದೊಂದು ಬಾಕಿ. ಕೆಳಗೇ ಹೋಗಿ ನೋಡಬಹುದಿತ್ತು. ಹೋದರೆ ಗೀತಾ "ಊಟಕ್ಕೆ ಏಳಿ" ಅನ್ನುತ್ತಾಳೆ, ನಾನು "ನಂದು ಊಟ ಆಯ್ತಮ್ಮ" ಎಂದು ಸುಳ್ಳು ಹೇಳಬೇಕು.

ಕೊನೆಗೆ ಸೆಲ್ವಿಗೆ ಫೋನ್ ಮಾಡಿದೆ. ಭದ್ರಾವತಿಯಲ್ಲಿ ನನ್ನ ಶಿಷ್ಯೆಯಾಗಿದ್ದವಳು, ಈಗ ಅಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಬಂದು, ಎರಡು ನಿಮಿಷ ನೋಡಿ ನಕ್ಕಳು.

"ಸಾರ್, ಒಂದೇ ಮನೇಲಿ ಇಬ್ರು ಯಜಮಾನ್ರು. ಕೆಳಗಿಂದೂ ಕಂಪ್ಯೂಟರ್‌ಗಳಿಗೆ ಅಡ್ರೆಸ್ ಹಂಚುತ್ತೆ, ಮೇಲಿಂದೂ ಹಂಚುತ್ತೆ. ನಿಮ್ದು ತಾನೇ ಬೇರೆ ಮನೆ ಅಂದ್ಕೊಂಡು ಬಾಗ್ಲು ಹಾಕ್ಕೊಂಡ್ ಕೂತಿದೆ. ಇದನ್ನ ಆಕ್ಸೆಸ್ ಪಾಯಿಂಟ್ ಮಾಡ್ಬಿಡ್ತೀನಿ."

"ಹಾಗಂದ್ರೆ?"

"ಯಜಮಾನಿಕೆ ಬಿಡೋದು ಸಾರ್. ಕೆಳಗಿಂದ ಬಂದಿದ್ದನ್ನ ಇಲ್ಲಿ ಕೊಡೋದು, ಅಷ್ಟೇ."

ಅಡ್ರೆಸ್ ಹಂಚುವ ಅಧಿಕಾರವನ್ನು ಅದರಿಂದ ತೆಗೆದಳು. ಬೇರೆ ಬಣ್ಣದ ತೂತಿನಲ್ಲಿ ನಾನು ಚುಚ್ಚಿದ್ದ ವೈರನ್ನು ಕಿತ್ತು, ಪಕ್ಕದ ಸಾಲಿನ ಒಂದಕ್ಕೆ ಚುಚ್ಚಿದಳು.

ಪಾಠದ ಚಟ ಬಿಡುವುದಿಲ್ಲ ನೋಡಿ. ಯಜಮಾನ ಎಂದರೆ ಮೂಲದಲ್ಲಿ ಯಜ್ಞ ಮಾಡುವವನು, ಇದ್ದದ್ದನ್ನು ಅಗ್ನಿಗೆ ಹಾಕಿ 'ಇದು ನನ್ನದಲ್ಲ' ಅನ್ನುವವನು. ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ. ಹೇಳಿಕೊಟ್ಟವನಿಗೆ ಅರ್ಥವಾಗಲು ಒಂದು ಪ್ಲಾಸ್ಟಿಕ್ ಡಬ್ಬಿ ಬೇಕಾಯಿತು.

ಫೋಟೋಗಳು ತೆರೆದುಕೊಂಡವು. ಮೊದಲನೆಯದೇ ಇದೇ ಮನೆಯ ಗೃಹಪ್ರವೇಶದ್ದು. ಕೆಳಗಿನ ಅಡಿಗೆಮನೆಯಲ್ಲಿ ಶಾರದೆ ಸೌಟು ಹಿಡಿದು ನಿಂತಿದ್ದಾಳೆ, ಪಕ್ಕದಲ್ಲಿ ಗೀತಾ. ಶಾರದೆಯದು ಯಾರನ್ನೋ ಊಟಕ್ಕೆ ಗದರಿಸಿ ಕರೆಯುತ್ತಿರುವ ಮುಖ. ನನ್ನನ್ನೇ ಇರಬೇಕು. ಕಣ್ಣೀರು ತಡೆಯಲಾಗಲಿಲ್ಲ. ಸೆಲ್ವಿ ವೈರು ಸುತ್ತುವ ನೆಪದಲ್ಲಿ ಆಚೆ ತಿರುಗಿದಳು.

ಅವಳನ್ನು ಕಳಿಸಿ ಕೆಳಗಿಳಿದೆ. ಮಧ್ಯಾಹ್ನದ ಊಟದ ಹೊತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಇಲ್ಲದ ಧೈರ್ಯ ತಂದುಕೊಂಡು, "ಗೀತಾ, ನಾಳೆಯಿಂದ ನಂಗೂ ಒಂದು ಹಿಡಿ ಅಕ್ಕಿ ಹಾಕಮ್ಮ" ಎಂದೆ.

ಗೀತಾ ತಟ್ಟೆ ಒರೆಸುತ್ತ ಹೇಳಿದಳು: "ನೀವು ಬಂದ ದಿನದಿಂದ ಹಾಕ್ತಾನೇ ಇದೀನಿ ಭಾವ. ದಿನಾ ಮಿಗುತ್ತೆ. ಅದ್ರಲ್ಲೇ ಬೆಳಿಗ್ಗೆ ಚಿತ್ರಾನ್ನ ಮಾಡ್ತೀನಿ."

ಅಲ್ಲೇ ಕೂತು ಉಂಡೆ. ಮಾರನೆಯ ಬೆಳಿಗ್ಗೆ ಕೆಳಗಿನಿಂದ ಉಪ್ಪಿಟ್ಟಿನ ವಾಸನೆ ಬಂತು.