ಎಡ ಕಾರ್ನರಿನ ಅಣ್ಣ

ಮಧ್ಯಾಹ್ನ ಊಟ ಮುಗಿಸಿ ಕಣ್ಣಿಗೆ ಜೊಂಪು ಹತ್ತಿದರೆ ಈಗಲೂ ನನಗೆ ಆ ಗುನುಗು ಕೇಳಿಸುತ್ತದೆ. ಕಬಡ್ಡಿ, ಕಬಡ್ಡಿ, ಕಬಡ್ಡಿ. ಎಲ್ಲೋ ದೂರದಿಂದ ಯಾರೋ ಒಂದೇ ಉಸಿರಿನಲ್ಲಿ ಹೇಳುತ್ತ ಬರುತ್ತಾರೆ. ಹಿಂದೆಯೇ ಮುಂಬೈಯ ಬೈಕುಲ್ಲಾದ ನಮ್ಮ ಚಾಳಿನ ಹಿಂದಿನ ಮೈದಾನದ ಧೂಳು ಏಳುತ್ತದೆ, ಸಂಜೆಯ ಬಿಸಿಲು ಆ ಧೂಳಿನೊಳಗೆ ಇಳಿದು ಅಲ್ಲೇ ನಿಂತುಬಿಡುತ್ತದೆ. ಆ ಬೆಳಕಿನಲ್ಲಿ ಅಣ್ಣ ಎಡಗಡೆಯ ಮೂಲೆಯಲ್ಲಿ ಮೊಣಕಾಲು ಮಡಿಸಿ, ಬಗ್ಗಿ ನಿಂತಿರುತ್ತಾನೆ. ಮುಖ ಕಾಣುವುದಿಲ್ಲ. ಅಗಲವಾದ ಬೆನ್ನು, ಬೆವರಿಗೆ ಅಂಟಿದ ಬನಿಯನ್, ಮಣ್ಣು ಮೆತ್ತಿದ ಅಂಗೈ, ಅಷ್ಟೇ.

ಅಣ್ಣ ಅಂದರೆ ನನ್ನ ಒಡಹುಟ್ಟಿದವನಲ್ಲ. ನಮ್ಮ ಮನೆಯವರ ದೋಸ್ತ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಮದುವೆಯಾಗಿ ವಿಜಾಪುರದ ಕಡೆಯ ಹಳ್ಳಿಯಿಂದ ಮುಂಬೈಗೆ ಬಂದ ಹೊಸತು. ನಮ್ಮ ಮನೆಯವರಿಗೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ. ಸಂಜೆ ಬಂದವರೇ ಚಹಾ ಕುಡಿದು, ಚಡ್ಡಿ ಏರಿಸಿಕೊಂಡು ಮೆಟ್ಟಿಲಿಳಿದು ಹೋಗಿಬಿಡುತ್ತಿದ್ದರು. ಎಲ್ಲಿಗಪ್ಪಾ ಎಂದು ಒಂದು ದಿನ ಗ್ಯಾಲರಿಯಿಂದ ಬಗ್ಗಿ ನೋಡಿದರೆ, ಅಯ್ಯ ಶಿವನೇ, ನನ್ನ ಗಂಡ ಇನ್ನೊಬ್ಬ ಗಂಡಸಿನ ಕೈ ಹಿಡಿದುಕೊಂಡು ನಿಂತಿದ್ದಾರೆ! ಕಾರ್ನರಿನವನೂ ಅವನ ಪಕ್ಕದವನೂ ಕೈಗೆ ಕೈ ಕೂಡಿಸಿ ನಿಂತು, ಒಳಗೆ ಬಂದವನನ್ನು ಸುತ್ತುಗಟ್ಟಬೇಕು ಎಂದು ನನಗೇನು ಗೊತ್ತು?

"ನನ್ನ ಕೈ ಹಿಡದಿದ್ದು ಮದುವ್ಯಾಗ ಅಕ್ಕಿಕಾಳ ಬೀಳೂತನಾ ಅಷ್ಟ. ಅವನ ಕೈ ಮಾತ್ರ ದಿನಾ ಹಿಡೀತೀರಿ!" ಎಂದು ಜಗಳ ತೆಗೆದೆ. ಅವರು ಬಿದ್ದು ಬಿದ್ದು ನಕ್ಕರು. ಮರುದಿನವೇ ಅದನ್ನು ಅಣ್ಣನಿಗೆ ಹೇಳಿಬಿಟ್ಟಿದ್ದರು, ಪುಣ್ಯಾತ್ಮ. ಅಂದಿನಿಂದ ಆಟ ಮುಗಿದ ಮೇಲೆ ಅಣ್ಣ ಕೆಳಗಿನಿಂದಲೇ ಕೂಗುತ್ತಿದ್ದ, "ತಂಗೀ, ನಿನ್ನ ಗಂಡನ್ನ ವಾಪಸ್ ಕಳಸೇನಿ ನೋಡು, ಎಣಿಸಿ ತಗೋ, ಎರಡೂ ಕೈ ಅದಾವು!"

ಅವನೂ ನಮ್ಮ ಕಡೆಯವನೇ, ಮುಸಲ್ಮಾನ. ತನ್ನವರ ಜೊತೆ ದಖನಿ ಉರ್ದು, ನಮ್ಮ ಜೊತೆ ಅಪ್ಪಟ ವಿಜಾಪುರದ ಮಾತು. ಭಾಜಿ ಮಾರ್ಕೆಟಿನಲ್ಲಿ ಹಾತಗಾಡಿ ಎಳೆಯುತ್ತಿದ್ದ. ಬೆಳಗಿನಿಂದ ಬಟಾಟೆ, ಉಳ್ಳಾಗಡ್ಡಿ ಮೂಟೆ ಎಳೆದು ಹಣ್ಣಾದ ಮೈ. ಆದರೂ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುವವನು ಅವನೇ. ಕಲ್ಲು ಹೆಕ್ಕಿ, ನೀರು ಚಿಮುಕಿಸಿ, ಗೆರೆ ಹಾಕಿ ಕಾಯುತ್ತಿದ್ದ. ಆಟಕ್ಕೆ ಮುಂಚೆ ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವರು. ಅಣ್ಣ ಬಿಸ್ಮಿಲ್ಲಾ ಅನ್ನುವನು, ನಮ್ಮವರು ಬಸವಣ್ಣನನ್ನು ನೆನೆಯುವರು, ಆಮೇಲೆ ಕೈ ಕೂಡಿಸುವರು.

ನಮ್ಮ ಟೀಮಿನಲ್ಲಿ ಗೆರೆ ದಾಟಿ ರೇಡಿಗೆ ಹೋಗುವ ಹುಡುಗನೊಬ್ಬನಿದ್ದ. ಅವನ ತಲೆಗೆ ಹಚ್ಚಿದ ಎಣ್ಣೆಯೇ ಅರ್ಧ ಬಾಟಲಿ. ಎದುರಾಳಿಗಳನ್ನು ಮುಟ್ಟಿ ಬಂದನೆಂದರೆ ಇಡೀ ಚಾಳು ಕುಣಿಯುತ್ತಿತ್ತು, ಗೆದ್ದ ದಿನ ಹೆಗಲ ಮೇಲೆ ಹೊತ್ತು ತಿರುಗಿಸುತ್ತಿತ್ತು. ನನಗೆ ಅವನು ಅಷ್ಟಕ್ಕಷ್ಟೇ. ನನ್ನ ಕಣ್ಣು ಎಡ ಕಾರ್ನರಿನ ಮೇಲೆ. ಅಣ್ಣ ರೇಡಿಗೆ ಹೋದದ್ದನ್ನು ನಾನು ನೋಡಿಯೇ ಇಲ್ಲ. ಅವನ ಕೆಲಸ ಹಿಡಿಯುವುದು. ಒಳಗೆ ಬಂದವನ ಹಿಮ್ಮಡಿಗೆ ಸಟಕ್ಕನೆ ಬಿದ್ದನೆಂದರೆ ಉಡದ ಪಟ್ಟು. ಆ ಬಂದವನ ಕಬಡ್ಡಿಯ ಉಸಿರು ಮುರಿಯುವ ತನಕ ಬಿಡುತ್ತಿರಲಿಲ್ಲ. ಈ ಆಟದಲ್ಲಿ ಒಂದು ಚಂದವಿದೆ. ಎದುರಾಳಿಯನ್ನು ಹಿಡಿದುಹಾಕಿದರೆ, ಔಟಾಗಿ ಹೊರಗೆ ಕೂತ ನಮ್ಮವನೊಬ್ಬ ಮತ್ತೆ ಒಳಗೆ ಬರುತ್ತಾನೆ. ಅಣ್ಣ ಮೊಣಕೈ ಸುಲಿದುಕೊಂಡು ನೆಲಕ್ಕೆ ಬಿದ್ದಾಗಲೆಲ್ಲ ಒಬ್ಬ ಎದ್ದು, ಚಡ್ಡಿ ಝಾಡಿಸಿಕೊಂಡು ಒಳಗೆ ಓಡುತ್ತಿದ್ದ. ತನಗೆ ಮರುಜೀವ ಕೊಟ್ಟವನ ಕಡೆ ತಿರುಗಿ ಕೂಡ ನೋಡುತ್ತಿರಲಿಲ್ಲ, ಮೂಳ. ನಾನು ನೋಡುತ್ತಿದ್ದೆ. ಒಲೆಯ ಮೇಲಿನ ಬ್ಯಾಳಿ ಸೀದು ಹೋಗುತ್ತಿತ್ತು, ನೋಡುತ್ತಲೇ ಇರುತ್ತಿದ್ದೆ.

ಇಂಥವನನ್ನು ಊರು ಬಿಟ್ಟೀತೇ? ಪರೇಲಿನ ಕಡೆಯ ಒಂದು ಮಿಲ್ಲಿನವರು ಬೆನ್ನು ಹತ್ತಿದರು. ತಮ್ಮ ಟೀಮಿಗೆ ಆಡಿದರೆ ಪರ್ಮನೆಂಟ್ ನೌಕರಿ, ಇರಲು ಖೋಲಿ. ಅಣ್ಣ ಬಹಳ ದಿನ ಒಲ್ಲೆ ಅಂದ. ಅವನ ಹೆಂಡತಿ, ಕೂಸು ಊರಲ್ಲೇ ಇದ್ದರು. ಇಲ್ಲಿ ಹತ್ತಾರು ಗಂಡಸರು ಮಲಗುವ ಖೋಲಿಯಲ್ಲಿ ಇವನಿಗೊಂದು ಚಾಪೆಯ ಜಾಗ. ಅಲ್ಲಿಗೆ ಅವರನ್ನು ತರುವುದಾದರೂ ಹೇಗೆ?

ಒಂದು ಈದ್ ಮುಗಿಸಿ ಊರಿನಿಂದ ಬಂದವನು ನೇರ ನಮ್ಮ ಬಾಗಿಲಿಗೆ ಬಂದ. ಒಳಗೆ ಬಾ ಅಂದರೂ ಹೊಸ್ತಿಲಲ್ಲೇ ನಿಂತ.

"ತಂಗೀ, ಕೂಸು ನನ್ನ ನೋಡಿ ಹೆದರಿ ಅಳಾಕ ಹತ್ತಿತು. ಯಾರೋ ಬಂದಾರಂತ ಅವ್ವನ ಹಿಂದ ಅಡಗಿತು. ಅಪ್ಪ ಅಂತ ಗುರ್ತ ಹಿಡೀಲಿಲ್ಲ ನೋಡು. ನಾ ಮಿಲ್ಲಿನವರಿಗೆ ಹೂಂ ಅಂದೇನಿ."

ಅವನು ಹೇಳಿದ್ದು ನನಗೆ, ಕೇಳಿಸಬೇಕಾದದ್ದು ನಮ್ಮ ಮನೆಯವರಿಗೆ. ಅವರು ಗೋಡೆಗೆ ಮುಖ ಮಾಡಿಯೇ ಕೂತಿದ್ದರು. "ಹೋಗು. ಇನ್ನ ಮ್ಯಾಲ ನಿನ್ನ ಕೈ ಮುಟ್ಟಾಂವಲ್ಲ ನಾ" ಎಂದರು. ಅಣ್ಣ ಚಪ್ಪಲಿ ಮೆಟ್ಟಿ ಇಳಿದು ಹೋದ. ನನಗೂ ಮೈಯೆಲ್ಲ ಉರಿಯಿತು. ಯಾರ ಮೇಲಿನ ಸಿಟ್ಟು ಎಂದು ಮಾತ್ರ ತಿಳಿಯಲಿಲ್ಲ.

ಎಡ ಕಾರ್ನರಿಗೆ ಬೇರೆಯವನು ಬಂದ. ನಮ್ಮವರು ಅವನ ಕೈಯನ್ನು ಬಿಸಿ ಹಂಚು ಮುಟ್ಟಿದ ಹಾಗೆ ಹಿಡಿಯುತ್ತಿದ್ದರು. ಮನೆಗೆ ಬಂದರೆ ಅರ್ಧ ರೊಟ್ಟಿ ತಾಟಿನಲ್ಲೇ. ಆ ಮಳೆಗಾಲವೆಲ್ಲ ಹಾಗೆಯೇ ಕಳೆಯಿತು. ಒದ್ದೆ ಮೈದಾನ, ದೂರದ ಲೋಕಲ್ಲಿನ ಸದ್ದು, ಮಾತಿಲ್ಲದ ಗಂಡ. ಆ ದಿನಗಳು ನೀರಿನೊಳಗಿನಿಂದ ನೋಡಿದಂತೆ ನೆನಪಾಗುತ್ತವೆ.

ಚಳಿಗಾಲದ ಟೂರ್ನಮೆಂಟಿನ ಫೈನಲ್ಲಿಗೆ ಬಂದವರು ಯಾರು? ನಾವು ಮತ್ತು ಆ ಮಿಲ್ಲಿನವರು. ಚಾಳಿನಲ್ಲಿ ಗುಸುಗುಸು ಶುರುವಾಯಿತು. ಅಣ್ಣ ಎಷ್ಟಾದರೂ ನಮ್ಮವನು, ಒಂದು ಸಲ ಕೈ ಜಾರಿದರೆ ಸಾಕು, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು. ನನಗೆ ತಡೆಯಲಾಗಲಿಲ್ಲ. ಅಣ್ಣನಿಗೆ ನಾಲ್ಕು ಮಾತು ಆಡಿಯೇ ಬರುತ್ತೇನೆಂದು ನಾಲಿಗೆ ಮಸೆದುಕೊಂಡು ಪರೇಲಿನ ಅವನ ಹೊಸ ಖೋಲಿಗೆ ಹೋದೆ. ಅಣ್ಣ ಪಾಳಿಗೆ ಹೋಗಿದ್ದ. ಊರಿನಿಂದ ಬಂದಿದ್ದ ಅವನ ಹೆಂಡತಿ ಚಹಾ ಮಾಡಿ ಕೊಟ್ಟಳು. ಗೂಟಕ್ಕೆ ತೂಗುಹಾಕಿದ್ದ ಅಪ್ಪನ ಬನಿಯನ್ ಎಳೆದು ತಲೆಗೆ ಹಾಕಿಕೊಂಡು ಕೂಸು ಆಡುತ್ತಿತ್ತು.

"ಅಕ್ಕಾ, ಹಳೇ ದೋಸ್ತಿ ತೋರಿಸಿದ್ರ ನೌಕರಿನೂ ಇಲ್ಲ, ಖೋಲಿನೂ ಇಲ್ಲ ಅಂದಾರಂತ ಮಿಲ್ಲಿನವರು. ಇವರು ಊಟಾನ ಮಾಡವಲ್ರು. ಅಲ್ಲಾನ ಕಾಯಬೇಕು" ಎಂದಳು. ನಾನು ಚಹಾ ಕುಡಿದು, ಕೂಸಿನ ಗಲ್ಲ ಚಿವುಟಿ ಎದ್ದು ಬಂದೆ. ಮನೆಗೆ ಬಂದು ಗಂಡನಿಗೆ ಹೇಳಿದೆ, "ಅಂವ ಬಿಟ್ರ ಮನಿ ಹೋಗತೈತಿ, ಹಿಡದ್ರ ನೀವು ಹೋಗತೀರಿ. ಏನ ಮಾಡಬೇಕ್ರೀ ಅಂವ?"

ಫೈನಲ್ ನಮ್ಮ ಮೈದಾನದಲ್ಲೇ. ಸಂಜೆ ಬಿಸಿಲು ಎಂದಿನ ಹಾಗೆ ಧೂಳಿನಲ್ಲಿ ನಿಂತಿತ್ತು. ಅಣ್ಣ ಎಡ ಕಾರ್ನರಿನಲ್ಲೇ, ಆದರೆ ಗೆರೆಯ ಆಚೆಗೆ. ಮೊದಲು ಪಾಯಿಂಟಿನಲ್ಲಿ ನಾವೇ ಮುಂದೆ. ಕೊನೆಕೊನೆಗೆ ನಮ್ಮ ಟೀಮಿನವರು ಒಬ್ಬೊಬ್ಬರಾಗಿ ಔಟಾಗಿ ಪಾಯಿಂಟು ಸಮಸಮವಾಯಿತು, ಎಣ್ಣೆ ತಲೆಯವನೂ ಔಟಾದ, ಉಳಿದವರು ನಮ್ಮ ಮನೆಯವರೊಬ್ಬರೇ. ಒಬ್ಬನೇ ಉಳಿದರೆ ಅವನೇ ರೇಡಿಗೆ ಹೋಗಬೇಕು, ಅದೂ ಆಟದ ಕೊನೆಯ ರೇಡು. ಎಂದೂ ಹೋಗದ ಮನುಷ್ಯ ಮಣ್ಣು ಮುಟ್ಟಿ, ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದರು. ಬಲ ಕಾರ್ನರಿನಲ್ಲಿ ಸುಸ್ತಾದ ಒಬ್ಬ ಹುಡುಗ ನಿಂತಿದ್ದ, ಅತ್ತ ಹೋಗಬಹುದಿತ್ತು. ಇವರು ನೆಟ್ಟಗೆ ಎಡ ಕಾರ್ನರಿಗೆ ಹೋದರು.

ಆಮೇಲಿನದು ನನಗೆ ಬಹಳ ನಿಧಾನವಾಗಿ ಕಾಣಿಸುತ್ತದೆ. ಇವರು ಕಾಲು ಚಾಚಿದರು. ಅಣ್ಣನ ಹೊಸ ಜೊತೆಗಾರ ಹೆದರಿ ಕೈ ಬಿಡಿಸಿಕೊಂಡ. ಅಣ್ಣ ಒಬ್ಬನೇ ಬಿದ್ದ, ಹಿಮ್ಮಡಿಯ ಮೇಲೆಯೇ ಬಿದ್ದ. ಇವರು ಅವನನ್ನು ಎಳೆದುಕೊಂಡೇ ಗೆರೆಯ ಕಡೆ ತೆವಳಿದರು. ಉಗುರು ಕಿತ್ತು ನೆಲದ ಮೇಲೆ ರಕ್ತ ಗೀಚಿತು. ಗುನುಗು ಸಣ್ಣಗಾಗುತ್ತ ಬಂತು. ಚಾಳಿಗೆ ಚಾಳೇ "ಬಿಡೋ, ಬಿಡೋ!" ಎಂದು ಅಣ್ಣನ ಮೇಲೆ ಕಿರುಚುತ್ತಿತ್ತು. ಗೆರೆ ಬೆರಳ ತುದಿಯಲ್ಲೇ ಇತ್ತು. ನನ್ನ ಗಂಡನ ಸಲುವಾಗಿ ದೇವರಿಗೆ ಹರಕೆ ಹೊರಬೇಕಾದವಳು ನಾನು. ಗ್ಯಾಲರಿಯ ಕಟಕಟೆ ಹಿಡಿದು "ಬಿಡಬ್ಯಾಡೋ ಅಣ್ಣಾ!" ಎಂದು ಕೂಗಿಬಿಟ್ಟೆ. ಪಕ್ಕದ ಮನೆಯವಳು ನನ್ನನ್ನು ದುರುಗುಟ್ಟಿ ನೋಡಿದಳು. ನೋಡಲಿ.

ಉಸಿರು ಮುರಿಯಿತು. ಅಂಪೈರ್ ಸೀಟಿ ಊದಿದ. ನಾವು ಸೋತೆವು.

ಅಣ್ಣ ಕಾಲು ಹಿಡಿದೇ ಇದ್ದ. ಅಂಪೈರ್ ಬಂದು ಬೆನ್ನು ತಟ್ಟಿದ ಮೇಲೆ ಬಿಟ್ಟ. ಮೊಣಕಾಲ ಮೇಲೆ ಕೂತು, ಅಷ್ಟು ದೊಡ್ಡ ಗಂಡಸು, ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅಳತೊಡಗಿದ. ನಾನು ಮೆಟ್ಟಿಲಿಳಿದು ಓಡಿದೆ. ನಾನು ತಲುಪುವಷ್ಟರಲ್ಲಿ ನಮ್ಮವರು ಹೊರಳಿ ಎದ್ದು ಕೂತಿದ್ದರು.

"ಯಾಕ ನನ್ನ ಕಡೆನ ಬಂದಿ ದೋಸ್ತಾ?" ಎಂದು ಅಣ್ಣ ಬಿಕ್ಕುತ್ತ ಕೇಳುತ್ತಿದ್ದ. "ಆ ಕಡೆ ಹೋಗಬಾರದಾಗಿತ್ತೇನು?"

"ಔಟಾಗೂದಾದ್ರ ನಿನ್ನ ಕೈಯಾಗ ಆಗಬೇಕಂತ ಬಂದೆ" ಎಂದರು ನಮ್ಮವರು, ಏದುಸಿರು ಬಿಡುತ್ತ. "ನೀ ಏನರ ಬಿಟ್ಟಿದ್ದೆಂದ್ರ, ಹುಚ್ಚಾ, ಸಾಯೂತನಾ ನಿನ್ನ ಮಾರಿ ನೋಡತಿದ್ದಿಲ್ಲ."

ಆಮೇಲೆ ಬಲಗೈ ಮುಂದೆ ಚಾಚಿ, "ಕಾಲು ಮುರದೀಯಲ್ಲೋ, ಎಬ್ಬಸ ನನ್ನ" ಎಂದರು.