ಕಾಕಂಬಿ ಹೆಚ್ಚಾದ ಗುಂಡು

ನಮ್ಮ ಶಿವಪ್ಪ ಮಾಮಾ ಹೋದ ವಾರ ತಮ್ಮನ್ನು ತಾವೇ ಫೇಲ್ ಮಾಡಿಕೊಂಡರು. ಅದೂ ದಂಡಿನ ಸಾಹೇಬರ ಎದುರಿಗೆ!

ನೀವೂ ನೋಡುತ್ತಿದ್ದೀರಲ್ಲ, ಯುದ್ಧ ಶುರುವಾದಾಗಿನಿಂದ ಕೊಲ್ಹಾಪುರದ ಎರಕದ ಭಟ್ಟಿಗಳಿಗೆ ಪುರುಸೊತ್ತಿಲ್ಲ. ಮೊನ್ನೆಯವರೆಗೆ ನೀರಿನ ಪಂಪು ಎರೆಯುತ್ತಿದ್ದವರು ಈಗ ತೋಪಿನ ಗುಂಡಿನ ಖಾಲಿ ಕವಚ ಎರೆಯುತ್ತಾರೆ. (ಮದ್ದು ತುಂಬುವುದು ಬೇರೆಲ್ಲೋ.) ಮಾಮಾ ಅಲ್ಲಿ ಮಿಸ್ತ್ರಿ. ಮೊದಲು ಗಡಹಿಂಗ್ಲಜದ ಕಡೆ ಗಾಣದಲ್ಲಿ ಬೆಲ್ಲ ಕಾಸುತ್ತಿದ್ದವರು.

ಗುಂಡು ಒಳಗೆ ಪೊಳ್ಳಾಗಬೇಕಾದರೆ ಅಚ್ಚಿನ ನಡುವೆ ಉಸುಕಿನ ಮುದ್ದೆ ಇಡಬೇಕು. ಉಸುಕು ಅಂಟಿಕೊಳ್ಳಲು ಕಾಕಂಬಿ, ಅಂದರೆ ಬೆಲ್ಲದ ಕರೀ ಅಂಟುಪಾಕ, ಬೇಕು. ಬೆಲ್ಲ ಮಾಡಿದ ಕೈ, ಕೇಳಬೇಕೆ? ಧಾರಾಳವಾಗಿ ಸುರಿಯಿತು. ಕಾಕಂಬಿ ಹೆಚ್ಚಾದರೆ ಹೊಗೆ ಹೆಚ್ಚು. ಹೊಗೆ ಹೊಕ್ಕ ಕಬ್ಬಿಣದಲ್ಲಿ ಸಣ್ಣ ತೂತು.

ಬುತ್ತಿ ಕೊಡಲು ಹೋದ ನಾನು ಮುಂದಿನದನ್ನು ಕಣ್ಣಾರೆ ಕಂಡೆ. ತಪಾಸಣೆಗೆ ಬಂದ ದಂಡಿನ ಸಾಹೇಬರು ರಾಶಿಯಿಂದ ಹತ್ತು ಗುಂಡು ಆರಿಸಿದರು. ನೀರು ತುಂಬಿಸಿ, ಪಂಪಿನಿಂದ ಒತ್ತಿಸಿದರು. ಒಂದು ಹನಿ ಜಿನುಗಿದರೂ ರಾಶಿ ಪೂರ್ತಿ ವಾಪಸ್. ಹತ್ತೂ ಪಾಸ್! ಸಾಹೇಬರು ಸಹಿ ಹಾಕಲು ಪೆನ್ನು ತೆಗೆದರು.

ಮಾಮಾ ಮಾತ್ರ ಉಳಿದ ಗುಂಡುಗಳನ್ನು ಸಣ್ಣ ಸುತ್ತಿಗೆಯಿಂದ ಬಾರಿಸಿ ಕಿವಿಗೊಡುತ್ತಿದ್ದರು. ಒಂದನ್ನು ಎತ್ತಿ ತಂದರು.

"ಸಾಹೇಬ್ರ, ಇದನ್ನೂ ನೋಡ್ರಿ. ದನಿ ಬರೋಬರ್ ಇಲ್ಲ."

ಭಟ್ಟಿಯ ಮಾಲಕರ ಮುಖ ಕಪ್ಪಿಟ್ಟಿತು. ಗುಂಡು ಜಿನುಗಿತು, ರಾಶಿ ಪೂರ್ತಿ ವಾಪಸ್. ಮಾಮಾ ಅವರ ಮಿಸ್ತ್ರಿಕಿ ಅಲ್ಲೇ ಹೋಯಿತು. ಈಗ ಅಲ್ಲೇ ಜರಡಿ ಹಿಡಿದು ಉಸುಕು ಸಾಣಿಸುತ್ತಾರೆ.

"ಸುಮ್ಮನ ಇರಾಕ ಏನಾಗಿತ್ರಿ ಮಾಮಾ?" ಅಂದು ಮನೆಯ ದಾರಿಯಲ್ಲಿ ರೇಗಿದೆ.

"ನಮ್ಮ ಬಸು ತೋಪಖಾನ್ಯಾಗ ಅದಾನಲ್ಲೋ. ಗುಂಡು ತೋಪಿನ ಬಾಯಾಗ ಒಡದ್ರ? ತಪ್ಪು ಅಪ್ಪಂದು, ಸಾಯಾಂವ ಮಗ ಏನು?"

ನನಗೆ ನಾಚಿಕೆಯಾಯಿತು. ಮಾಮಾ ಮೇಲೆ ಪ್ರೀತಿಯೂ ಉಕ್ಕಿತು. ನಾವೆಲ್ಲ ಪೇಟೆಯಲ್ಲಿ ಬಣ್ಣದ ಬೆಲ್ಲ ಮೇಲಿಟ್ಟು ಕರೀ ಬೆಲ್ಲ ಅಡಿಗಿಡುವ ಮಂದಿ. ನಮ್ಮ ತಪ್ಪನ್ನು ನಾವೇ ಎತ್ತಿ ತೋರಿಸಿದ್ದು ಯಾವಾಗ ಹೇಳಿ?

ಮಾಮಿ ಬೈಯುತ್ತಾರೆಂದು ಇಬ್ಬರೂ ಹೆದರಿದ್ದೆವು. (ಅವರ ಬಾಯಿ ಓಣಿಗೆಲ್ಲ ಗೊತ್ತು.) ಆದರೆ ಮಾಮಿ ಎಲ್ಲ ಕೇಳಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಕೈಗೆ ಬೆಲ್ಲದ ಚಹಾ ಕೊಟ್ಟರು. "ಭಾಳ ಛಲೋ ಮಾಡಿದ್ರಿ" ಎಂದರು.

ಮಾಮಾ ಎರಡು ಗುಟುಕು ಕುಡಿದಿರಬೇಕು. ಮಾಮಿ ಮೆಲ್ಲಗೆ ಕೇಳಿದರು:

"ಮತ್ತ, ಪಾಸಾದ ಗುಂಡು ಯಾರ ಮಗನ ಮ್ಯಾಲ ಬೀಳ್ತಾವ್ರಿ?"