ರಿಟರ್ನ್ ಅಂದ್ರ ವಾಪಸ್

ಆಗ ನಮ್ಮ ಪಾಪಿನಾಯಕನಹಳ್ಳಿಯಲ್ಲಿ ಬಿಳಿ ಅಂಗಿ ಯಾರೂ ತೊಡುತ್ತಿರಲಿಲ್ಲ. ತೊಟ್ಟರೂ ಸಂಜೆಯ ಹೊತ್ತಿಗೆ ಅದು ಬಿಳಿ ಇರುತ್ತಿರಲಿಲ್ಲ. ಸಂಡೂರಿನ ಅದಿರು ಹೊತ್ತ ಲಾರಿಗಳು ಒಂದರ ಬೆನ್ನಿಗೆ ಒಂದು ಬರುತ್ತಿದ್ದವು. ಕೆಂಪು ಧೂಳು ಗೋಡೆ, ಬೇವಿನ ಮರ, ಎಮ್ಮೆಯ ರೆಪ್ಪೆ, ಯಾವುದನ್ನೂ ಬಿಡುತ್ತಿರಲಿಲ್ಲ. ದೊಡ್ಡವರು ಕೆಮ್ಮುತ್ತಿದ್ದರು, ಮಕ್ಕಳಾದ ನಮಗೆ ಅದು ಪುಕ್ಕಟೆ ಪಾಟಿ. ನಿಂತ ಲಾರಿಯ ಬಾಗಿಲ ಮೇಲೆ ಬೆರಳಿನಿಂದ ಹೆಸರು ಬರೆಯುವುದು, ಡ್ರೈವರ್ ಬಂದರೆ ಓಟ ಕೀಳುವುದು.

ಎಲ್ಲರೂ ಕನ್ನಡದಲ್ಲಿ ಬರೆದರೆ ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಅಪ್ಪ ನನ್ನನ್ನು ಹೊಸಪೇಟೆಯ ಇಂಗ್ಲಿಷ್ ಶಾಲೆಗೆ ಹಾಕಿದ್ದ. ನಮ್ಮ ಓಣಿಯಿಂದ ಅಲ್ಲಿಗೆ ಹೋಗುತ್ತಿದ್ದವಳು ನಾನೊಬ್ಬಳೇ, ಹಾಗಾಗಿ ಸೊಕ್ಕಿಗೇನೂ ಕಡಿಮೆಯಿರಲಿಲ್ಲ. ಐದನೇ ಕ್ಲಾಸಿನಲ್ಲಿ ಮೇಡಂ ಒಂದು ಮಾತು ಕೊಟ್ಟು ಅದೇ ಅರ್ಥದ ಬೇರೆ ಮಾತು ಬರೆಸುತ್ತಿದ್ದರು. ಒಂದು ದಿನ ‘ಕಮ್ ಬ್ಯಾಕ್’ ಬಂತು. ರಿಟರ್ನ್, ಗೆಟ್ ಬ್ಯಾಕ್ ಎಂದು ಬರೆದವಳು, ಇದೂ ಇರಲಿ ಅಂತ ‘ರಿಟರ್ನ್ ಬ್ಯಾಕ್’ ಕೂಡ ಸೇರಿಸಿದೆ. ರಿಟರ್ನ್ ಅಂದರೇನೇ ವಾಪಸ್, ಅದಕ್ಕೆ ಇನ್ನೊಂದು ಬಾಲ ಯಾಕೆ ಎಂದು ಮೇಡಂ ಎಲ್ಲರೆದುರು ನಕ್ಕರು. ಆ ಅವಮಾನಕ್ಕೆ ಶಬ್ದ ತಲೆಯಲ್ಲಿ ಅಚ್ಚೊತ್ತಿಬಿಟ್ಟಿತು. ಮನೆಗೆ ಬಂದು ಎಲ್ಲರನ್ನೂ ತಿದ್ದತೊಡಗಿದೆ. ಎಮ್ಮೆ ತಿರುಗಿ ವಾಪಸ್ ಬಂತು ಎಂದು ಅವ್ವ ಅಂದರೆ, ತಿರುಗಿ ಅಂದಮೇಲೆ ವಾಪಸ್ ಯಾಕೆ ಎಂದು ತಪ್ಪು ಹಿಡಿದೆ.

“ಎಮ್ಮಿ ಬಂತಲ್ಲ, ಅಷ್ಟು ಸಾಕು ಬಿಡು” ಅಂದಳು ಅವ್ವ.

ರಸ್ತೆಗೆ ಹೊಂದಿಕೊಂಡು ನಮ್ಮದೊಂದು ಶೇಂಗಾ ಹೊಲವಿತ್ತು. ಬಳ್ಳಿ ಕಿತ್ತ ದಿನ ಬೇವಿನ ಬುಡದಲ್ಲಿ ಮೂರು ಕಲ್ಲು ಹೂಡಿ, ಹಸಿ ಕಾಯಿಗೆ ಉಪ್ಪು ಹಾಕಿ ಕುದಿಸುತ್ತಿದ್ದೆವು. ಆ ಹಸಿ ಮಣ್ಣಿನ, ಉಪ್ಪುನೀರಿನ ವಾಸನೆ ಈಗಲೂ ಮೂಗಿನಲ್ಲಿದೆ. ಆದರೆ ಎಲೆಯ ಮೇಲೆ ಧೂಳು ಕೂತು ಕೂತು ಬಳ್ಳಿ ಸೊರಗತೊಡಗಿತ್ತು. ಕಾಯಿ ಬಿಡಿಸಿದರೆ ಅರ್ಧಕ್ಕರ್ಧ ಪೊಳ್ಳು.

ಅದೇ ಹೊತ್ತಿಗೆ ಪಂಪಣ್ಣ ಬಂದ. ಅದಿರು ಸುರಿಯಲು ಜಾಗ ಹುಡುಕಿಕೊಡುವ ದಲ್ಲಾಳಿ ಅವನು. ಎರಡು ವರ್ಷ ಬಾಡಿಗೆಗೆ ಕೊಡು, ಆಮೇಲೆ ನಿನ್ನ ಹೊಲ ನಿನಗೇ ಅಂದ. ಅಕ್ಕಪಕ್ಕದವರೆಲ್ಲ ಆಗಲೇ ಕೊಟ್ಟಾಗಿತ್ತು. ಅಪ್ಪ ಕೇಳಿದ್ದು ಒಂದೇ ಮಾತು.

“ಹೊಲ ಹೊಲ ಆಗೇ ವಾಪಸ್ ಬರಬೇಕು. ಹಂಗಂತ ಬರದೈತೇನು?”

ಎಲ್ಲಾ ಪೇಪರಿನಲ್ಲಿದೆ ಎಂದು ಪಂಪಣ್ಣ ಕಾಗದ ಚಾಚಿದ. ಪೂರಾ ಇಂಗ್ಲಿಷ್. ಅಪ್ಪನಿಗೆ ಕನ್ನಡದಲ್ಲಿ ಸಹಿ ಮಾಡಲು ಬರುತ್ತಿತ್ತು, ಅಷ್ಟೇ. ಆದರೂ ಎದೆಯುಬ್ಬಿಸಿ, ಮನೆಯಲ್ಲೇ ಓದುವವಳಿದ್ದಾಳೆ ಎಂದು ನನ್ನನ್ನು ಕರೆದ.

ಕಟ್ಟೆಯ ಮೇಲೆ ಕೂತು ಬೆರಳಿಟ್ಟು ಓದಿದೆ. ಓದಿದೆ ಅನ್ನುವುದೂ ಸುಳ್ಳು. ಹತ್ತರಲ್ಲಿ ಒಂಬತ್ತು ಶಬ್ದ ನಾನು ಕಂಡೇ ಇರಲಿಲ್ಲ. ತಿಳಿಯಲಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ, ಪಂಪಣ್ಣ ನೋಡುತ್ತ ಕೂತಿದ್ದ. ಎರಡನೇ ಹಾಳೆಯಲ್ಲಿ ಗುರುತಿನ ಶಬ್ದ ಸಿಕ್ಕಿತು: ‘ಇನ್ ರಿಟರ್ನ್’.

“ಐತಪ್ಪ, ರಿಟರ್ನ್ ಅಂತ ಬರದಾರ. ರಿಟರ್ನ್ ಅಂದ್ರ ವಾಪಸ್.”

“ಸರಿಯಾಗಿ ನೋಡಿ ಹೇಳವ್ವ.”

“ಮೇಡಂ ಹೇಳಿಕೊಟ್ಟಾರ” ಅಂದೆ. ಅಪ್ಪ ಸಹಿ ಮಾಡಿದ.

ಆ ವರ್ಷದ ಶೇಂಗಾ ಕಿತ್ತಮೇಲೆ ಅಪ್ಪ ಹೊಲದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು “ಬರ್ತೀನವ್ವ” ಅಂದ. ನಮ್ಮಲ್ಲಿ ಯಾರೂ ಹೋಗುತ್ತೇನೆ ಅನ್ನುವುದಿಲ್ಲ. ಮರುದಿನದಿಂದ ಲಾರಿಗಳು ಅದಿರು ಸುರಿಯತೊಡಗಿದವು.

ಏಳನೇ ಕ್ಲಾಸಿನ ಒಂದು ಪಾಠದಲ್ಲಿ ‘ಇನ್ ರಿಟರ್ನ್’ ಮತ್ತೆ ಎದುರಾಯಿತು. ಅರ್ಥ: ಅದಕ್ಕೆ ಬದಲಾಗಿ. ಅಪ್ಪ ಸಹಿ ಮಾಡಿದ ಕಾಗದ ನೆನಪಾಯಿತು. ಮನೆಗೆ ಹೋಗಿ ಬಾಯಿ ಬಿಡಲಿಲ್ಲ. ಎರಡು ವರ್ಷ, ಹೇಡಿಯ ಹಾಗೆ, ಬಿಡಲಿಲ್ಲ.

ಎರಡು ವರ್ಷ ಅಂದದ್ದು ನಾಲ್ಕಾಯಿತು. ಅದಿರಿನ ರೇಟು ಬಿತ್ತು, ಒಳ್ಳೆಯ ಅದಿರು ಬಳಿದುಕೊಂಡು ಹೋದರು. ಉಳಿದ ಪುಡಿ ಮೊಣಕಾಲುದ್ದ ಹೆಪ್ಪುಗಟ್ಟಿ ಕೂತಿತ್ತು. ಅಪ್ಪ ನೇಗಿಲು ಹೂಡಿದರೆ ಗುಳ ಕಲ್ಲಿಗೆ ಹೊಡೆದಂತೆ ಖಣ್ ಅಂದಿತು. ನನ್ನನ್ನೂ ಕರೆದುಕೊಂಡು ಪಂಪಣ್ಣನ ಮನೆಗೆ ಹೋದ. ಹೊಲ ಹೊಲವಾಗಿಯೇ ಬರಬೇಕೆಂದು ಪೇಪರಿನಲ್ಲಿದೆ, ನನ್ನ ಮಗಳೇ ಓದಿದ್ದಾಳೆ ಅಂದ. ಪಂಪಣ್ಣ ದನಿ ಏರಿಸಲಿಲ್ಲ. ಒಳಗಿನಿಂದ ಅದೇ ಕಾಗದ ತಂದು ನನ್ನ ಕೈಗಿಟ್ಟ.

“ಈಗ ದೊಡ್ಡಾಕಿ ಆಗೀಯಲ್ಲ, ಇನ್ನೊಮ್ಮೆ ಓದವ್ವ.”

ಈ ಸಲ ಪ್ರತಿ ಶಬ್ದವೂ ತಿಳಿಯಿತು. ಬಾಡಿಗೆಗೆ ಬದಲಾಗಿ, ಭೂಮಿಯ ಸ್ಥಿತಿಯ ಬಗ್ಗೆ ಮಾಲೀಕರು ಯಾವ ತಕರಾರೂ ಮಾಡತಕ್ಕದ್ದಲ್ಲ. ಅಪ್ಪ ನನ್ನ ಮುಖ ನೋಡುತ್ತಿದ್ದ.

“ಅದು ವಾಪಸ್ ಅಲ್ಲಪ್ಪ” ಅಂದೆ. “ಬದಲಿಗೆ ಅಂತ.”

ಅಪ್ಪ ಕಾಗದ ಮಡಚಿ ಪಂಪಣ್ಣನಿಗೇ ಕೊಟ್ಟು, ನಡಿ ಮನೆಗೆ ಅಂದ. ದಾರಿಯಲ್ಲಿ ಬಯ್ಯಲಿಲ್ಲ. ಆಮೇಲೂ ಬಯ್ಯಲಿಲ್ಲ. ಬೈದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲವೇನೋ.

ಈಗ ನಮ್ಮೂರಲ್ಲಿ ಬಿಳಿ ಅಂಗಿ ತೊಡಬಹುದು. ಹೊಲವೂ ನಮ್ಮ ಹೆಸರಿನಲ್ಲೇ ಇದೆ, ಜಾಲಿ ಬೆಳೆದಿದೆ. ಬೇಯಿಸಿದ ಶೇಂಗಾ ತಿನ್ನಬೇಕೆನಿಸಿದರೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಪೊಟ್ಟಣ ಕೊಳ್ಳುತ್ತೇನೆ. ಅಲ್ಲೇ ಒಂದು ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರು. ಊರವರು ಬ್ಯಾಂಕಿನ ನೋಟಿಸು, ಆಸ್ಪತ್ರೆಯ ಚೀಟಿ ಹಿಡಿದು ನನ್ನ ಹತ್ತಿರವೇ ಬರುತ್ತಾರೆ.

ಮೊನ್ನೆ ಅಪ್ಪನ ಕಣ್ಣಿನ ರಿಪೋರ್ಟು ಬಂದಿತ್ತು. ಕೊಡು ಎಂದು ಕೈ ಚಾಚಿದೆ. ಅಪ್ಪ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಚಪ್ಪಲಿ ಮೆಟ್ಟಿದ.

“ಇರ್ಲಿ ಬಿಡವ್ವ. ಅಂಗಡಿ ಶೆಟ್ರು ಓದಿ ಹೇಳ್ತಾರ. ಬರ್ತೀನಿ.”